ಹೆಸರು ಕೇಳಬಾರದ ಬೇರು

ನಾನು ಮಾತಿಗೆ ಮಾತು ಕೊಡದೆ ಎದ್ದು ಬಂದ ದಿನವೂ ಒಂದಿದೆ ಎಂದರೆ ನಮ್ಮೂರಲ್ಲಿ ಯಾರೂ ನಂಬುವುದಿಲ್ಲ. ನೀವೂ ನಂಬಬೇಡಿ, ನೋಡೋಣ. ಸುತ್ತಿನ ಊರುಗಳಲ್ಲಿ ನನ್ನ ಬೆನ್ನಿಗೆ ಮಣ್ಣು ಮುಟ್ಟಿಸಿದವನಿಲ್ಲ. ಬಾಯಿ ಮುಚ್ಚಿಸುವವನಂತೂ ಹುಟ್ಟಿಯೇ ಇಲ್ಲ ಎಂದುಕೊಂಡಿದ್ದೆ. ಅದನ್ನು ನಮ್ಮ ಗರಡಿ ಮನೆಯ ವಸ್ತಾದರು ಮಾಡಿದರು. ಕೈ ಎತ್ತಲಿಲ್ಲ. ಒಂದು ಕತೆ ಹೇಳಿದರು, ಅಷ್ಟೆ.

ದಸರೆಯ ಕುಸ್ತಿ ಹತ್ತಿರ ಬಂದಿತ್ತು. ಮೈಗೆ ಕಸುವು ಬರಲಿ ಎಂದು ನನ್ನ ಸೋದರಮಾವ ಒಬ್ಬ ನಾಟಿ ವೈದ್ಯನಿಂದ ಬೇರಿನ ಕಷಾಯ ತಂದುಕೊಟ್ಟಿದ್ದ. ನಾನು ಬಾಟಲಿಯ ಬಿರಡೆ ತೆಗೆಯುವಾಗಲೇ ವಸ್ತಾದರು ನೋಡಿ, ಕುಡಿಯಬೇಡ ಎಂದರು. ನನಗೆ ಅನುಮಾನ ಬಂತು. ನನ್ನ ಜೊತೆ ಸಾಧನೆ ಮಾಡುವ ಕೆಂಪರಾಜು ವಸ್ತಾದರ ತಂಗಿಯ ಮಗ. ನಾನು ಬಲಿತರೆ ಕಷ್ಟ ಯಾರಿಗೆ ಎಂಬುದು ನನಗೆ ಗೊತ್ತಾಗುವುದಿಲ್ಲವೇ?

ಅದಕ್ಕೇ ಎಲ್ಲರ ಎದುರು ಕೇಳಿದೆ: "ವಸ್ತಾದರೇ, ನಾವು ತಿನ್ನೋ ರಾಗೀನೂ ನೆಲದ್ದೇ, ಬೇರೂ ನೆಲದ್ದೇ. ಬೇರು ಹೇಗೆ ಕೆಡುಕು ಮಾಡುತ್ತೆ? ಇಲ್ಲ, ನಿಮ್ಮ ಮನಸ್ಸಿನಲ್ಲಿ ಬೇರೆ ಏನಾದರೂ ಇದೆಯೋ?"

ಕೆಂಪರಾಜು ತಲೆ ತಗ್ಗಿಸಿದ. ವಸ್ತಾದರು ಸಿಟ್ಟಾಗಲಿಲ್ಲ. "ಕೂತ್ಕೋ ಮಾದೇಶ" ಎಂದರು. ನಾನು ನಿಂತೇ ಇದ್ದೆ. ಅವರು ಹೇಳತೊಡಗಿದರು.

ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅನುಮಾನವೇ ಅವನ ಬಂಡವಾಳ. ಆಲೆಮನೆಯಿಂದ ಬಂದ ಅಚ್ಚನ್ನು ಒಡೆದು ಒಳಗಿನ ಬಣ್ಣ ನೋಡದೆ ಕೊಳ್ಳುತ್ತಿರಲಿಲ್ಲ. ಡಾಕ್ಟರ್ ಚೀಟಿ ಬರೆದರೆ, ಔಷಧಿ ಅಂಗಡಿಯವನು ಆ ಡಾಕ್ಟರಿಗೆ ಎಷ್ಟು ಕಮಿಷನ್ ಕೊಡುತ್ತಾನೋ ಎಂದು ಯೋಚಿಸುತ್ತಿದ್ದ. ಅವನಿಗೆ ಮೋಸ ಮಾಡಿ ಗೆದ್ದವರು ಇರಲಿಲ್ಲ.

ಅವನಿಗೆ ಮಂಡಿನೋವು ಬಂತು. ಯಾರೋ ಒಬ್ಬ ನಾಟಿ ವೈದ್ಯನನ್ನು ತೋರಿಸಿದರು. ವೈದ್ಯ ಬೇರಿನ ಪುಡಿಯ ಪೊಟ್ಟಣವನ್ನು ಕೈಗಿಟ್ಟು, "ಬೆಳಗ್ಗೆ ಕುದಿಸಿ ಕುಡಿ. ಉಪ್ಪು ಮುಟ್ಟಬೇಡ. ಬೇರಿನ ಹೆಸರು ಮಾತ್ರ ಕೇಳಬೇಡ. ಹೆಸರು ಬಾಯಿಗೆ ಬಂದರೆ ಗುಣ ಹೋಗುತ್ತೆ" ಎಂದ.

ವ್ಯಾಪಾರಿ ಜೇಬಿಗೆ ಕೈ ಹಾಕಿದ. ವೈದ್ಯ ಹಿಂದೆ ಸರಿದ. ದುಡ್ಡು ಮುಟ್ಟಿದರೆ ಔಷಧಿ ಹತ್ತುವುದಿಲ್ಲ, ಎಲೆ ಅಡಿಕೆ ಇಟ್ಟು ಹೋಗು ಎಂದ.

ಅಲ್ಲಿಗೆ ವ್ಯಾಪಾರಿಯ ಅನುಮಾನ ಮುಗಿಯಿತು. ದುಡ್ಡೇ ಬೇಡ ಎನ್ನುವವನು ಯಾಕೆ ಮೋಸ ಮಾಡುತ್ತಾನೆ? ಬೆಲ್ಲವನ್ನು ಒಡೆದು ನೋಡುವ ಮನುಷ್ಯ ಪೊಟ್ಟಣವನ್ನು ಬಿಚ್ಚಿಯೂ ನೋಡದೆ ಮನೆಗೆ ತಂದ.

ನೋವು ಇಳಿಯಿತು. ವ್ಯಾಪಾರಿ ಅಂಗಡಿಯ ಮೆಟ್ಟಿಲು ಹತ್ತುವುದನ್ನು ಜನ ನಿಂತು ನೋಡಿದರು. ಪುಡಿ ಮುಗಿದಂತೆಲ್ಲ ಮತ್ತೆ ತಂದ. ವರ್ಷ ಕಳೆಯಿತು. ಆಮೇಲೆ ಬೆಳಗ್ಗೆ ಏಳುವಾಗ ಕಣ್ಣಿನ ಸುತ್ತ ಊತ ಕಾಣಿಸಿತು. ಪಾದ ಊದಿ ಚಪ್ಪಲಿಗೆ ಹಿಡಿಸದಾಯಿತು. ಅನ್ನ ಕಂಡರೆ ವಾಕರಿಕೆ. ಮೂತ್ರ ನೊರೆನೊರೆಯಾಗಿ, ಬರಬರುತ್ತ ಕಡಿಮೆಯಾಯಿತು.

ಹೆಂಡತಿ ಹೇಳಿದಳು: "ಆ ಪುಡಿ ನಿಲ್ಸಿ. ದೊಡ್ಡಾಸ್ಪತ್ರೆಗೆ ಹೋಗಿ ರಕ್ತ ತೋರಿಸೋಣ."

ವ್ಯಾಪಾರಿ ಆಸ್ಪತ್ರೆಗೆ ಹೋಗಲಿಲ್ಲ, ವೈದ್ಯನಲ್ಲಿಗೆ ಹೋದ. ವೈದ್ಯ ಅವನ ಕಾಲನ್ನು ಬೆರಳಿನಿಂದ ಒತ್ತಿ ನೋಡಿ, "ಪಥ್ಯ ಕೆಟ್ಟಿದೆ. ಉಪ್ಪು ಒಳಗೆ ಹೋಗ್ತಿದೆ" ಎಂದ.

ವ್ಯಾಪಾರಿ ಉಪ್ಪು ಮುಟ್ಟಿರಲಿಲ್ಲ. ಹಾಗಾದರೆ ಹಾಕಿದವರು ಯಾರು? ಮನೆಯಲ್ಲಿ ಅಡುಗೆ ಮಾಡುವವಳು ಒಬ್ಬಳೇ. ಪುಡಿ ನಿಲ್ಲಿಸು ಎಂದವಳೂ ಅವಳೇ.

ಅವನು ಉಪ್ಪಿನ ಜಾಡಿಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ. ಊತ ಇಳಿಯಲಿಲ್ಲ. ತನ್ನ ತಟ್ಟೆಯನ್ನು ಮೊದಲು ಅವಳ ಮುಂದೆ ಸರಿಸಿ, ಅವಳು ಒಂದು ತುತ್ತು ನುಂಗಿದ ಮೇಲೆ ಉಣ್ಣತೊಡಗಿದ. ಆಗಲೂ ಇಳಿಯಲಿಲ್ಲ. ಕೊನೆಗೆ ಅವಳನ್ನೇ ತವರಿಗೆ ಕಳಿಸಿದ.

ಹೊರಡುವಾಗ ಅವಳು ಕೇಳಿದಳು: "ಊರವರ ಬೆಲ್ಲನೆಲ್ಲ ಒಡೆದು ನೋಡಿದ್ರಿ. ನನ್ನನ್ನೂ ಒಡೆದು ನೋಡಿದ್ರಿ. ಆ ಪೊಟ್ಟಣದಲ್ಲಿ ಏನಿದೆ ಅಂತ ಒಂದ್ಸಲ ಕೇಳಿದ್ರಾ?"

"ಕೇಳಬಾರದು" ಎಂದ ವ್ಯಾಪಾರಿ.

ಅವಳು ಹೋದ ಮೇಲೆ ಅವನೇ ಗಂಜಿ ಕಾಯಿಸಿಕೊಂಡ. ಉಪ್ಪಿಲ್ಲ, ಬೇರೆ ಕೈಯಿಲ್ಲ. ಆದರೂ ಮುಖ ಊದುತ್ತಲೇ ಹೋಯಿತು. ಅನುಮಾನ ಪಡಲು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಔಷಧಿ ಸಾಲದು ಎಂದುಕೊಂಡು ಸಂಜೆಯೂ ಒಂದು ಸಲ ಕುಡಿಯತೊಡಗಿದ. ಒಂದು ದಿನ ತಕ್ಕಡಿಯ ಮುಂದೆ ಕುಸಿದು ಬಿದ್ದ.

ನಾನು ನಡುವೆ ಬಾಯಿ ಹಾಕಿದೆ. "ಗೊತ್ತಾಯಿತು ಬಿಡಿ. ಆ ವೈದ್ಯ ಕಳ್ಳ. ನಮ್ಮ ಮಾವ ನೋಡಿದ ವೈದ್ಯ ಅಂಥವನಲ್ಲ."

"ಅವನೂ ಕಳ್ಳನಲ್ಲ" ಎಂದರು ವಸ್ತಾದರು. "ಬೆಳಗಾದರೆ ಅವನೂ ಅದನ್ನೇ ಕುಡೀತಿದ್ದ. ವ್ಯಾಪಾರಿ ಬೀಳೋ ಹೊತ್ತಿಗೆ ಅವನನ್ನು ಮಣ್ಣು ಮಾಡಿಯಾಗಿತ್ತು."

ನಾನು ಕೂತೆ. ಅವರು ಮುಂದುವರಿಸಿದರು.

ದೊಡ್ಡಾಸ್ಪತ್ರೆಯ ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿ, ಏನು ಕುಡಿದೆ ಎಂದು ಕೇಳಿದರು. ಬೇರು ಎಂದ. ಯಾವ ಬೇರು ಎಂದರು. ವ್ಯಾಪಾರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ಬದುಕಿರಲಿಲ್ಲ.

ಡಾಕ್ಟರ್ ಹೇಳಿದರು: "ಕೆಲವು ಬೇರು ನೋವನ್ನು ಕಡಿಮೆ ಮಾಡುತ್ತಲೇ ಕಿಡ್ನಿಯನ್ನು ತಿಂದುಬಿಡುತ್ತೆ. ನಿನ್ನ ಎರಡೂ ಹೋಗಿವೆ. ಇನ್ನು ನಿನ್ನ ರಕ್ತವನ್ನು ಯಂತ್ರ ತೊಳೆಯಬೇಕು. ಕುಡಿದ ನೀರು ಮೈಯಲ್ಲೇ ನಿಲ್ಲುತ್ತೆ, ಹೊರಗೆ ಹೋಗೋದಿಲ್ಲ. ನೀರನ್ನೂ ಲೆಕ್ಕ ಇಟ್ಟು ಕುಡೀಬೇಕು."

ಸುದ್ದಿ ತವರಿಗೆ ಮುಟ್ಟಿತು. ಹೆಂಡತಿ ಬಂದು ಮಂಚದ ಪಕ್ಕ ನಿಂತಳು. ವ್ಯಾಪಾರಿ ಊದಿದ ಕಣ್ಣು ಬಿಡಿಸಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಯಾಕೆ ಬಂದೆ? ಏನು ಬೇಕು ನಿನಗೆ?" ಎಂದ.

"ಉಪ್ಪಿನ ಪೆಟ್ಟಿಗೆ ಬೀಗದ ಕೈ ಕೊಡಿ. ನಾನಾದ್ರೂ ಬಾಯಿಗೆ ರುಚಿಯಾಗಿ ತಿನ್ನಬೇಕು" ಎಂದಳು. ಆಮೇಲೆ ಅವನ ಕಾಲಿನ ಮೇಲೆ ಹೊದಿಕೆ ಎಳೆದಳು.

ವಸ್ತಾದರು ಅಲ್ಲಿಗೆ ನಿಲ್ಲಿಸಿದರು. ನಾನು ಬಿಡುವವನೇ? "ಇಷ್ಟೇನಾ ವಸ್ತಾದರೇ? ಮನುಷ್ಯ ಸಾಯಲಿಲ್ಲ. ಅಂಗಡಿ ಉಳೀತು. ಓಡಿಸಿದ ಹೆಂಡತಿಯೂ ವಾಪಸು ಬಂದಳು. ಎಲ್ಲಾ ಸಿಕ್ಕಿತಲ್ಲ ಅವನಿಗೆ?"

ವಸ್ತಾದರು ಕೈಗಂಟಿದ ಅಖಾಡದ ಮಣ್ಣನ್ನು ಉದುರಿಸಿಕೊಂಡು ಎದ್ದರು.

"ಅವನಿಗೆ ಕೊನೆಗೆ ಸಿಕ್ಕಿದ್ದು ದಿನಕ್ಕೆ ಮೂರು ಲೋಟ ನೀರು ಮಾದೇಶ, ಅದೂ ಅವಳು ಅಳೆದು ಕೊಟ್ಟಷ್ಟು."