ಅರ್ಧ ಗೂಡಿಗೆ ಮೊದಲ ದರ್ಜೆ

ಮಕ್ಕಳೇ, ಒಂದು ಮಾತು ಹೇಳಿ ನೋಡೋಣ. ಕೆರೆಯ ಈ ದಡದಲ್ಲಿ ನಾರು ಜೋಲಾಡುವ ಅರ್ಧಂಬರ್ಧ ಗೂಡುಗಳು. ಆ ದಡದಲ್ಲಿ ಹೂವು ಸಿಕ್ಕಿಸಿ, ಮಿಂಚುಹುಳ ಅಂಟಿಸಿದ ಪೂರ್ತಿ ಗೂಡುಗಳು. ನೋಡಲು ಬಂದ ಸಮಿತಿ ಯಾವುದಕ್ಕೆ ಶಹಬ್ಬಾಸ್ ಅಂದಿರಬಹುದು? ಊಹಿಸಿ! ಊಹೂಂ, ಅವಸರ ಬೇಡ, ಕತೆ ಕೇಳಿ ಆಮೇಲೆ ಹೇಳಿ.

ಕೆರೆಯ ಮೂಡಣ ದಡದ ಈಚಲಮರದಲ್ಲಿ ಗೀಜಗ ಹಕ್ಕಿಗಳ ವಿಶ್ವವಿದ್ಯಾಲಯವೊಂದಿತ್ತು. ಅಲ್ಲಿ ಕೊಡುತ್ತಿದ್ದದ್ದು ಒಂದೇ ಪದವಿ, ಗೂಡು ಹೆಣೆಯುವ ಪದವಿ. ಕುಲಪತಿ ನಾರಪ್ಪ. ಮೈತುಂಬ ಪುಕ್ಕ, ಮನಸ್ಸು ಮಾತ್ರ ಸ್ವಲ್ಪ ಪುಕ್ಕಲು.

ಗೀಜಗರಲ್ಲಿ ಒಂದು ಪದ್ಧತಿ ಇದೆ. ಗೂಡು ಕಟ್ಟುವವನು ಗಂಡು. ಅರ್ಧ ಕಟ್ಟಿದಾಗ ಹೆಣ್ಣು ಬಂದು ಜಗ್ಗಿ ನೋಡುತ್ತಾಳೆ. ಒಪ್ಪಿದರೆ ಮದುವೆ, ಇಲ್ಲವಾದರೆ ಪುರ್ರ್! ಹೋದ ವರ್ಷ ನಾರಪ್ಪನ ಪದವೀಧರರ ಗೂಡುಗಳು ಗಾಳಿಗೆ ಉದುರಿ ಕೆರೆ ಪಾಲಾಗಿದ್ದವು. "ಆ ಪದವಿಯವನಿಗೆ ಹೆಣ್ಣು ಕೊಡಬೇಡಿ" ಎಂಬ ಮಾತು ಮರದಿಂದ ಮರಕ್ಕೆ ಹಾರಿತ್ತು. ಈ ಸಲ ಸಮಿತಿ ಮಾನ್ಯತೆ ಕೊಡದಿದ್ದರೆ ವಿಶ್ವವಿದ್ಯಾಲಯ ಮುಚ್ಚಿದ ಹಾಗೆಯೇ. ಹುಡುಗರಿಗಂತೂ ದಿಗಿಲು. ಆಷಾಢ ಬಂದರೆ ಮದುವೆ ಎಲ್ಲಿಯದು!

ನಾರಪ್ಪ ಪಾಠದ ಕ್ರಮವನ್ನೇ ಬದಲಿಸಿದ್ದ. ಹೆಣೆ, ಜಗ್ಗು, ಸಡಿಲವಿದ್ದರೆ ಬಿಚ್ಚು, ಮತ್ತೆ ಹೆಣೆ. ಬಿಚ್ಚಿ ಬಿಚ್ಚಿ, ಸಮಿತಿ ಬರುವ ದಿನಕ್ಕೂ ಒಂದು ಗೂಡಾದರೂ ಮುಗಿದಿರಲಿಲ್ಲ.

ಅಂದು ಬೆಳಿಗ್ಗೆ ಪಡುವಣ ದಡದಿಂದ ಗಿಳಿ ಪಚ್ಚಯ್ಯ ಹಾರಿ ಬಂದ. ಗಿಳಿಗೆ ಗೂಡು ಕಟ್ಟಲು ಬರುತ್ತದೆಯೇ? ಮರದ ಪೊಟರೆಯೇ ಅದಕ್ಕೆ ಗತಿ. ಆದರೂ ಪಚ್ಚಯ್ಯ ಆ ದಡದಲ್ಲಿ ಗೀಜಗದ ಹುಡುಗರಿಗೇ ಗೂಡಿನ ಪದವಿ ಹಂಚುತ್ತಿದ್ದ. ಮಾತು ಅಷ್ಟು ಚೆನ್ನಾಗಿತ್ತು!

"ಏನಯ್ಯಾ ನಾರಪ್ಪ, ಇದೇನು ಗೂಡೋ, ಹರಿದ ಟೋಪಿಯೋ?"

"ಇನ್ನೂ ಅರ್ಧ ಆಗಿದೆ, ಪಚ್ಚಯ್ಯನೋರೇ."

"ಸಮಿತಿಗೆ ಯಾರಾದರೂ ಅರ್ಧ ತೋರಿಸ್ತಾರಾ? ಹೋದ ವರ್ಷ ಬಿಟ್ಟುಹೋದ ಗೂಡುಗಳು ಬೇಲಿ ತುಂಬ ಇದ್ದವು. ಆರಿಸಿ ತಂದು ಹೂ ಮುಡಿಸಿದ್ದೀನಿ. ನಿನಗೂ ನಾಲ್ಕು ಕೊಡ್ತೀನಿ. ಇವನ್ನು ಎಲೆಮರೆಗೆ ತಳ್ಳಿಬಿಡು!"

ನಾರಪ್ಪ ಹೂಂ ಅನ್ನಲು ಕೊಕ್ಕು ತೆರೆದೇಬಿಟ್ಟ. ಅಷ್ಟರಲ್ಲಿ ಕೊಂಬೆಯ ತುದಿಯಿಂದ ಕೂಗು ಕೇಳಿಸಿತು.

"ಲೋ, ನಿನ್ನ ಗಂಟು ಜಾರ್ತಿದೆ ಕಣೋ!"

"ಹೌದಲ್ಲೋ! ಈಗಲೇ ಸಿಕ್ತು, ಬದುಕಿದೆ!"

ಹುಡುಗರು ಬಿದ್ದುಬಿದ್ದು ನಗುತ್ತಿದ್ದರು. ಇದನ್ನು ಎಲೆಮರೆಗೆ ತಳ್ಳುವುದೇ? ನಾರಪ್ಪ ಕೊಕ್ಕು ಮುಚ್ಚಿ, ಮತ್ತೆ ತೆರೆದ. "ಬೇಡಿ ಪಚ್ಚಯ್ಯನೋರೇ. ಇದ್ದದ್ದು ಇದ್ದ ಹಾಗೇ ಇರಲಿ."

"ನಿನ್ನ ಹಣೆಬರಹ!" ಎಂದು ಪಚ್ಚಯ್ಯ ಹಾರಿಹೋದ.

ಸಮಿತಿ ಬಂತು. ಮೂವರು ಹಿರಿಯ ಹೆಣ್ಣು ಗೀಜಗಗಳು, ಅಧ್ಯಕ್ಷೆ ತಾಯಕ್ಕ. ಮೊದಲು ಪಡುವಣ ದಡ.

"ಪೂರ್ಣ! ಸಂಪೂರ್ಣ! ಪರಿಪೂರ್ಣ!" ಎಂದು ಪಚ್ಚಯ್ಯ ಉಲಿದ.

"ಅರ್ಧ ಕಟ್ಟಿದ್ದು ಎಲ್ಲಿದೆಯಪ್ಪಾ?" ತಾಯಕ್ಕ ಕೇಳಿದಳು.

"ಅರ್ಧಂಬರ್ಧ ಕೆಲಸವೇ ನಮ್ಮಲ್ಲಿಲ್ಲ, ತಾಯೀ!"

"ಗಂಡು ನೋಡೋಕೆ ಬಂದವರಿಗೆ ಸೀದಾ ನಾಮಕರಣದ ಊಟ ಬಡಿಸ್ತೀಯಲ್ಲೋ! ಇರಲಿ, ಒಳಗೆ ಹೋಗಿಯೇ ನೋಡ್ತೀನಿ."

ಒಳಗೆ ಕಾಲಿಟ್ಟಳೋ ಇಲ್ಲವೋ, ಒಣಗಿದ ಹುಲ್ಲು ಚರಕ್ಕೆಂದಿತು. ಹೂವು, ಮಿಂಚುಹುಳ, ಗೂಡು, ಎಲ್ಲ ಕೆರೆಗೆ ದುಡುಂ! ತಾಯಕ್ಕ ನೀರು ಕೊಡವುತ್ತ ಮೇಲೆದ್ದು ಗುಡುಗಿದಳು. "ಇದನ್ನು ಕಟ್ಟಿದವನು ಯಾರು?"

"ಕಟ್ಟಿದವನು... ಕಟ್ಟಿದವನು..." ಪಚ್ಚಯ್ಯನಿಗೆ ಗಿಳಿಪಾಠವೊಂದೇ ಉಳಿಯಿತು.

ಒದ್ದೆ ಮೈಯಲ್ಲೇ ತಾಯಕ್ಕ ಮೂಡಣ ದಡಕ್ಕೆ ಬಂದಳು. ತಲೆಕೆಳಗಾಗಿ ಜೋತುಬಿದ್ದು ಒಂದು ಅರ್ಧ ಗೂಡನ್ನು ಜಗ್ಗಿದಳು. ಒಂದು ನಾರು ಕಿತ್ತು ಕೈಗೆ ಬಂತು, ಅಲ್ಲಲ್ಲ, ಕೊಕ್ಕಿಗೆ ಬಂತು!

"ಇದೇನು ನಾರಪ್ಪಾ?"

ನಾರಪ್ಪ ಹತ್ತಿರ ಹಾರಿ ಬಂದ. "ಆ ಗಂಟು ಜಾರುತ್ತೆ, ತಾಯಕ್ಕಾ. ಬೆಳಿಗ್ಗೆ ನಮ್ಮ ಹುಡುಗರೇ ಕಂಡುಹಿಡಿದರು. ಹುಲ್ಲು ಒಣಗಿತ್ತು. ಹಸಿ ಹುಲ್ಲಿನಲ್ಲಿ ಮತ್ತೆ ಹೆಣೀತಾರೆ."

"ಹೋದ ವರ್ಷ ಬಿದ್ದದ್ದು?"

"ಇಂಥ ಗಂಟಿನಿಂದಲೇ. ಆಗ ನಾವು ಜಗ್ಗಿ ನೋಡುತ್ತಿರಲಿಲ್ಲ."

ತಾಯಕ್ಕ ಉಳಿದ ಗೂಡುಗಳನ್ನೂ ಜಗ್ಗಿದಳು, ಜೀಕಿದಳು, ಕುಪ್ಪಳಿಸಿದಳು. ಒಂದು ಗಂಟೂ ಸಡಿಲಲಿಲ್ಲ. "ಎಲ್ಲಿ ಸಡಿಲ ಅಂತ ಬಲ್ಲವನ ಮನೆಗೆ ನನ್ನ ಮೊಮ್ಮಗಳನ್ನೇ ಕೊಡ್ತೀನಿ ಕಣಯ್ಯಾ! ಮಾನ್ಯತೆ ಕೊಟ್ಟೆ, ಮೊದಲ ದರ್ಜೆ!"

ಆಹಾ, ಈಚಲಮರವೇ ಚಿಲಿಪಿಲಿ ಎಂದು ಕುಣಿಯಿತು! ಸಂಜೆಯೊಳಗೆ ಹೆಣ್ಣುಗಳು ಹಿಂಡುಹಿಂಡಾಗಿ ಬಂದು ಗೂಡು ಒಪ್ಪಿದರು. ಪಚ್ಚಯ್ಯನ ಹುಡುಗರೂ ಈ ದಡಕ್ಕೇ ಹಾರಿಬಂದು, "ನಮಗೂ ಬಿಚ್ಚೋದು ಕಲಿಸಿ ಗುರುಗಳೇ" ಎಂದು ಸಾಲಾಗಿ ಕೂತರು. ನಾರಪ್ಪ ಎದೆ ಉಬ್ಬಿಸಿ ಕೊಂಬೆಯ ತುದಿಗೆ ಏರಿದ, ಪುಕ್ಕ ಇತ್ತು, ಪುಕ್ಕಲು ಇರಲಿಲ್ಲ. ಇದೆಲ್ಲ ನಡೆದದ್ದು ಯಾವತ್ತು ಗೊತ್ತೇ? ಮೃಗಶಿರಾ ಮಳೆ ಹಿಡಿದಿದ್ದ ಜ್ಯೇಷ್ಠ ಶುದ್ಧ ದಶಮಿ, ಬುಧವಾರ, ಆಷಾಢಕ್ಕೆ ಮುಂಚೆಯೇ!

ನೀತಿ: ಕೊರತೆಯನ್ನು ಸಿಂಗರಿಸಿ ಮುಚ್ಚಿದವನು ಬೀಳುತ್ತಾನೆ, ಕಂಡು, ಒಪ್ಪಿ, ತಿದ್ದಿಕೊಂಡವನು ಗೆಲ್ಲುತ್ತಾನೆ.