ಕಡವೆಯ ಕಿವಿ

ಕಾಡಂಚಿನ ಪಶು ಆಸ್ಪತ್ರೆಯ ವೈದ್ಯೆ, ಗಾಯಗೊಂಡು ಬಂದಿದ್ದ ಕಡವೆಯ ಕಿವಿಯಿಂದ ಒಂದು ಉಣುಗನ್ನು ಚಿಮಟದಲ್ಲಿ ಕಿತ್ತು, ಪರೀಕ್ಷೆಗೆಂದು ಗಾಜಿನ ನಳಿಕೆಗೆ ಹಾಕಿ ಕಿಟಕಿಯ ಬಳಿ ಇಟ್ಟರು. ಪಕ್ಕದ ನಳಿಕೆಯಲ್ಲಿ ಹಸುವಿನ ಮೈಯಿಂದ ಕಿತ್ತ ಉಣುಗೊಂದಿತ್ತು.

"ಏನು ಸ್ವಾಮಿ, ಊಟದ ಚಿಂತೆಯೇ?" ಎಂದು ಅದು ಕೇಳಿತು.

"ಊಟದ ಮಾತು ಬಿಡಿ, ನನಗೆ ಅವಳದೇ ಚಿಂತೆ," ಎಂದು ಕಾಡಿನ ಉಣುಗು ನಿಟ್ಟುಸಿರಿಟ್ಟಿತು. "ಹಗಲಿರುಳೂ ಕಿವಿ ಒದರಿ ನನ್ನನ್ನು ಮಾತನಾಡಿಸುತ್ತಿದ್ದಳು. ನಾನಿಲ್ಲದೆ ಹೇಗಿದ್ದಾಳೋ!"

"ನನ್ನ ಹಸುವೂ ಒದರುತ್ತಿತ್ತು. ನಾನು ಅದನ್ನು ಮಾತೆಂದು ತಿಳಿಯಲಿಲ್ಲ. ಅಗೋ, ನಿಮ್ಮವಳು ಬೇಲಿಯ ಪಕ್ಕದಲ್ಲೇ ಇದ್ದಾಳೆ. ಕೂಗಿ ನೋಡಿ, ಓಡಿ ಬಂದಾಳು!"

ಕಾಡಿನ ಉಣುಗು ಆತುರದಿಂದ ಗಾಜಿಗೆ ಅಂಟಿಕೊಂಡು ನೋಡಿತು. ಕಡವೆ ಕತ್ತು ಚಾಚಿ, ನಿರಾಳವಾಗಿ ಉಸಿರಾಡುತ್ತಾ ಮಲಗಿತ್ತು. ಅದರ ಕಿವಿ ಅಲುಗಲೇ ಇಲ್ಲ. ಅಷ್ಟು ಕಾಲ ಅದರೊಳಗೇ ಇದ್ದರೂ ಆ ಕಿವಿ ಹೀಗೆ ಸುಮ್ಮನಿದ್ದುದನ್ನು ಉಣುಗು ಒಮ್ಮೆಯೂ ಕಂಡಿರಲಿಲ್ಲ.

"ಏಕೆ, ಕೂಗುವುದಿಲ್ಲವೇ?" ಎಂದು ಹಸುವಿನ ಉಣುಗು ಕೆಣಕಿತು.

"ಮೆಲ್ಲಗೆ ಮಾತನಾಡಿ," ಎಂದಿತು ಕಾಡಿನ ಉಣುಗು. "ಅವಳಿಗೆ ಈಗಷ್ಟೇ ನಿದ್ದೆ ಹತ್ತಿದೆ."