ಚಿತ್ರಾಂಗಿಯ ಹರಿದ ಬಾಲ

ಹತ್ತಿರ ಬನ್ನಿ ಮಕ್ಕಳೇ, ಹೇಳ್ತೀನಿ. ಹೊಂಗೆಪುರ ಅಂತ ಒಂದು ರಾಜ್ಯ. ಅಲ್ಲಿ ಗುಂಡಭೂಪ ಅಂತ ಒಬ್ಬ ರಾಜ. ಅವನಿಗೆ ಆನೆ ಇತ್ತು, ಕುದುರೆ ಇತ್ತು. ಜೀವ ಮಾತ್ರ ಒಂದು ಮೀನಿನ ಮೇಲಿತ್ತು. ಹಡಗಿನ ವ್ಯಾಪಾರಿಯೊಬ್ಬ ಕೊಟ್ಟ ಗಾಜಿನ ತೊಟ್ಟಿಯಲ್ಲಿ ಅದು ಈಜುತ್ತಿತ್ತು. ಮೈ ಕೆಂಪು, ಬಾಲ ರೇಷ್ಮೆ ಸೆರಗಿನ ಹಾಗೆ. ಹೆಸರು ಚಿತ್ರಾಂಗಿ. ರಾಜ ದಿನಾ ಬೆಳಿಗ್ಗೆ ಅದರ ಮುಂದೆ ಕೂತು ರಾಜ್ಯದ ಸುದ್ದಿಯೆಲ್ಲ ಹೇಳುತ್ತಿದ್ದ. ಮಂತ್ರಿಗಿಂತ ಇದೇ ವಾಸಿ, ನಡುವೆ ಮಾತಾಡಲ್ಲ ಅಂತ ಅವನ ಸಂತೋಷ.

ಒಂದು ದಿನ ನೋಡುತ್ತಾನೆ, ಚಿತ್ರಾಂಗಿಯ ಬಾಲ ಇಲಿ ಕಡಿದ ಪಂಚೆಯ ಹಾಗೆ ಹರಿದಿದೆ. ರೆಕ್ಕೆಯ ಅಂಚು ಬೆಳ್ಳಗಾಗಿದೆ. ರಾಜ ಊಟ ಬಿಟ್ಟ. ರಾಜ ಬಿಟ್ಟ ಅಂತ ಮಂತ್ರಿ ಬಿಟ್ಟ. ಮಂತ್ರಿ ಬಿಟ್ಟ ಅಂತ ಅಡುಗೆಯವರು ಒಲೆಯನ್ನೇ ಹಚ್ಚಲಿಲ್ಲ. ಹಸಿವು ತಡೆಯಲಾರದೆ ಎಲ್ಲರೂ ಸೇರಿ ಆಸ್ಥಾನ ವೈದ್ಯ ಗಜಕರ್ಣ ಪಂಡಿತನನ್ನು ಕರೆಸಿದರು.

ಪಂಡಿತನಿಗೆ ಮೀನಿನ ವಿಷಯ ಅಷ್ಟಕ್ಕಷ್ಟೆ, ತಿಂಡಿಯ ವಿಷಯ ಚೆನ್ನಾಗಿ ಗೊತ್ತಿತ್ತು. ಮೀನಿಗೆ ವಾತ ಆಗಿದೆ, ಒಂದು ಬಿಂದಿಗೆ ತುಪ್ಪ ಬೇಕು ಅಂದ. ಒಂದು ಚಮಚ ತೊಟ್ಟಿಗೆ ಬಿತ್ತು, ಮಿಕ್ಕಿದ್ದು ಅವನ ಮನೆಗೆ ಹೋಯಿತು. ನೀರಿನ ಮೇಲೆ ಜಿಡ್ಡು ಕಟ್ಟಿತು. ಬಾಲ ಇನ್ನಷ್ಟು ಹರಿಯಿತು.

ಅರಮನೆಗೆ ನೀರು ಹೊರುವ ಸಿದ್ದಾಜಮ್ಮ ಇದನ್ನು ನೋಡಿ, ನೀರು ಕೆಟ್ಟಿದೆ, ಬದಲಾಯಿಸಿ ಅಂದಳು. ಇದು ಮದ್ದಿನ ನೀರು, ಯಾರೂ ಮುಟ್ಟಬಾರದು ಅಂತ ಪಂಡಿತ ಗದರಿದ.

ಎರಡನೇ ವಾರ ಮೀನಿಗೆ ಪಿತ್ತ ಆಗಿದೆ ಅಂದ. ಒಂದು ಬುಟ್ಟಿ ಬಾದಾಮಿ ಬಂತು. ನಾಲ್ಕು ಮಾತ್ರ ಅರೆದು ತೊಟ್ಟಿಗೆ ಹಾಕಿದ. ನೀರು ಮಜ್ಜಿಗೆಯಾಯಿತು, ಬಾಲ ಅರ್ಧವಾಯಿತು. ಸಿದ್ದಾಜಮ್ಮ ಮತ್ತೆ ಹೇಳಿದಳು, ಪಂಡಿತ ಮತ್ತೆ ಗದರಿದ.

ಮೂರನೇ ವಾರ ಕಫ ಅಂದ. ಒಂದು ಹಂಡೆ ಪಾಯಸ ಬಂತು. ತೊಟ್ಟಿಗೆ ಒಂದೇ ಸೌಟು. ನೀರು ನಾರತೊಡಗಿತು. ಚಿತ್ರಾಂಗಿ ತಳ ಹಿಡಿದು ಮಲಗಿತು. ಬಾಲ ಮೊಂಡಾಗಿತ್ತು, ಪಂಡಿತನ ಹೊಟ್ಟೆ ದುಂಡಾಗಿತ್ತು. ರಾಜ ಉತ್ತರೀಯದಲ್ಲಿ ಮೂಗು ಒರೆಸಿಕೊಂಡು ಅತ್ತ.

ನೇರವಾಗಿ ಹೇಳಿದರೆ ಈ ಸಲವೂ ನಡೆಯಲ್ಲ ಅಂತ ಸಿದ್ದಾಜಮ್ಮನಿಗೆ ತಿಳಿಯಿತು. ಸಭೆಯಲ್ಲಿ ರಾಜನಿಗೆ ಕೈಮುಗಿದು ನಿಂತಳು.

"ಬುದ್ಧೀ, ತುಪ್ಪ, ಬಾದಾಮಿ, ಪಾಯಸ ಎಲ್ಲಾ ಈ ಮದ್ದಿನ ನೀರಲ್ಲೇ ಐತೆ. ಪಂಡಿತರು ಮೂರು ವಾರ ದುಡಿದು ಬಡವಾಗವ್ರೆ. ಅವರಿಗೂ ಒಂದು ಲೋಟ ಕುಡಿಸಿ."

ರಾಜನಿಗೆ ಮಾತು ಹಿಡಿಸಿತು. ಬೆಳ್ಳಿ ಲೋಟ ತುಂಬಿ ಬಂತು. ಪಂಡಿತ ಇವತ್ತು ಉಪವಾಸ ಅಂದ. ಮದ್ದಿಗೆ ಉಪವಾಸದ ಅಡ್ಡಿಯಿಲ್ಲ ಅಂದ ರಾಜ. ಲೋಟ ಮೂಗಿನ ಹತ್ತಿರ ಬಂದದ್ದೇ ತಡ, ಪಂಡಿತನ ಕಣ್ಣು ಹಣೆಗೆ ಹೋಯಿತು.

"ಪ್ರಭು, ಈ ಕೊಳಕು ನೀರನ್ನ ಯಾರಾದರೂ ಬಾಯಿಗಿಡ್ತಾರಾ?"

"ಚಿತ್ರಾಂಗಿ ಮೂರು ವಾರದಿಂದ ಅದರಲ್ಲೇ ಉಸಿರಾಡ್ತಾ ಐತೆ ಸ್ವಾಮಿ," ಅಂದಳು ಸಿದ್ದಾಜಮ್ಮ.

ರಾಜನ ಮುಖ ಕೆಂಪಾಯಿತು. ಅವತ್ತೇ ಮೀನನ್ನು ಸಿದ್ದಾಜಮ್ಮನ ಕೈಗೆ ಒಪ್ಪಿಸಿದ.

ಅವಳು ಅಗಲವಾದ ಮಣ್ಣಿನ ಬಾನಿಗೆ ತಿಳಿಯಾದ ಕೊಳದ ನೀರು ತುಂಬಿ, ಚಿಟಿಕೆ ಉಪ್ಪು ಕರಗಿಸಿ, ಚಿತ್ರಾಂಗಿಯನ್ನು ಮೆಲ್ಲಗೆ ಬಿಟ್ಟಳು. ದಿನಾ ಸ್ವಲ್ಪ ನೀರು ತೆಗೆದು ಸ್ವಲ್ಪ ಹೊಸ ನೀರು ಹಾಕಿದಳು. ತಿನ್ನಲು ಕೊಟ್ಟದ್ದು ಕಾಳಿನಷ್ಟು. ಗಾಜಿನ ತೊಟ್ಟಿಯನ್ನು ಉಜ್ಜಿ ಉಜ್ಜಿ ತೊಳೆದಳು. ಕೆಲವು ದಿನಕ್ಕೆ ಮೀನು ಮೇಲೆದ್ದು ಈಜಿತು. ಆಮೇಲೆ ಬಾಲದ ತುದಿಯಲ್ಲಿ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಹೊಸ ಅಂಚು ಕಂಡಿತು. ಅದನ್ನು ನೋಡಿ ರಾಜ ಮೂರು ಸಲ ಊಟ ಮಾಡಿದ.

ಸಿದ್ದಾಜಮ್ಮ ಅರಮನೆಯ ಮೀನುಗಳಿಗೆಲ್ಲ ಒಡತಿಯಾದಳು. ಅವಳ ಬಿಂದಿಗೆ ಪಂಡಿತನ ಹೆಗಲಿಗೇರಿತು. ಕೊಳದಿಂದ ಅರಮನೆಗೆ, ಅರಮನೆಯಿಂದ ಕೊಳಕ್ಕೆ ನಡೆದೂ ನಡೆದೂ ಅವನ ಹೊಟ್ಟೆ ಕರಗಿತು.

ನೀತಿ ಏನು ಅಂದರೆ ಮಕ್ಕಳೇ, ಮೊದಲು ಕೊಳೆ ತೆಗೀಬೇಕು, ಮದ್ದಿನ ಮಾತು ಆಮೇಲೆ. ತಾನು ಮೂಸಲಾರದ್ದನ್ನು ಇನ್ನೊಂದು ಜೀವಕ್ಕೆ ಉಣಿಸುವವನು ವೈದ್ಯನಲ್ಲ.